ಮುಂದಿನವನ ಮೇಲೆ ನಂಬಿಕೆ ಇದ್ದರೂ ಯಾಕೆ ಅಷ್ಟು ಗ್ಯಾಪ್ ಬಿಡ್ತೀರಾ?

ನಾಲ್ಕೈದು ಜನ ಬೈಕಿನಲ್ಲಿ ಹೋಗಿ ಎಲ್ಲಾದರೂ ನಿಂತಾಗ ಯಾರಾದರೊಬ್ಬರು ಈ ಮಾತು ತೆಗೆದೇ ತೆಗೆಯುತ್ತಾರೆ. "ನೇರ ರಸ್ತೆಯಲ್ಲಿ ನಮ್ಮ ಜೊತೇಲೇ ಇರ್ತೀರಾ. ತಿರುವು ಶುರುವಾದ ಕೂಡಲೇ ಹಿಂದೆ ಉಳೀತೀರಾ. ಮುಂದೆ ಇರೋದು ನಿಮ್ಮ ಹಳೇ ಗೆಳೆಯ, ಅಷ್ಟು ಚೆನ್ನಾಗಿ ಓಡಿಸ್ತಾನೆ. ಅವನ ಮೇಲೆ ನಂಬಿಕೆ ಇಲ್ವಾ?"

ನಂಬಿಕೆ ಇದೆ. ವರ್ಷಗಟ್ಟಲೆ ಅವನ ಹಿಂದೆ ಓಡಿಸಿದ್ದೇನೆ. ಆದರೆ ತಿರುವಿನ ಆಚೆ ಜಲ್ಲಿ ಬಿದ್ದಿದೆಯೋ ಇಲ್ಲವೋ ಅವನಿಗೂ ಗೊತ್ತಿರುವುದಿಲ್ಲ. ಅವನು ಎಷ್ಟೇ ಒಳ್ಳೆಯ ಸವಾರನಾದರೂ ಆ ಜಲ್ಲಿ ಜಾಗ ಬಿಡುವುದಿಲ್ಲ, ಅಲ್ವಾ?

ಮೊದಲೆಲ್ಲ ನಾನೂ ಅವನ ಬೆನ್ನಿಗೆ ಅಂಟಿಕೊಂಡೇ ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಬೆಟ್ಟ ಇಳಿಯುತ್ತಿದ್ದೆವು. ನಡುವೆ ಎರಡು ಬೈಕಿನ ಉದ್ದದಷ್ಟು ಜಾಗ. ಅವನ ನಂಬರ್ ಪ್ಲೇಟಿನ ಎರಡು ಬೋಲ್ಟುಗಳಲ್ಲಿ ಒಂದಕ್ಕೆ ತುಕ್ಕು ಹಿಡಿದಿತ್ತು, ಇನ್ನೊಂದು ಹೊಸದು. ಮಡ್‌ಗಾರ್ಡಿನ ಅಂಚಿನಲ್ಲಿ ಒಣಗಿದ ಕೆಸರು. ಇದೆಲ್ಲ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ತಿರುವು ಎಡಕ್ಕಿತ್ತೋ ಬಲಕ್ಕಿತ್ತೋ, ಅದು ಮಾತ್ರ ನೆನಪಿಲ್ಲ. ನಾನು ರಸ್ತೆಯನ್ನು ನೋಡುತ್ತಲೇ ಇರಲಿಲ್ಲ.

ತಿರುವಿನ ನಡುವೆ ಯಾವುದೋ ಟ್ರ್ಯಾಕ್ಟರ್ ಚೆಲ್ಲಿ ಹೋದ ಮಣ್ಣಿತ್ತು. ಅವನು ಅದನ್ನು ನೋಡಿದ. ಬ್ರೇಕ್ ಹಿಡಿಯಲಿಲ್ಲ. ಸುಮ್ನೆ ಥ್ರಾಟಲ್, ಅಂದರೆ ಆಕ್ಸಿಲರೇಟರ್ ಬಿಟ್ಟ, ಬೈಕನ್ನು ಸ್ವಲ್ಪ ನೆಟ್ಟಗೆ ಮಾಡಿ ಮಣ್ಣಿನ ಪಕ್ಕದಿಂದ ದಾಟಿಸಿದ. ಸರಿಯಾಗಿಯೇ ಮಾಡಿದ. ಆದರೆ ಥ್ರಾಟಲ್ ಬಿಟ್ಟರೆ, ಗೇರ್ ಇಳಿಸಿದರೆ ಸಾಮಾನ್ಯವಾಗಿ ಹಿಂದಿನ ಬ್ರೇಕ್ ಲೈಟು ಹತ್ತುವುದಿಲ್ಲ. ನಾನು ಕಾಯುತ್ತಿದ್ದದ್ದು ಆ ಕೆಂಪು ದೀಪಕ್ಕೆ. ದೀಪ ಬರಲಿಲ್ಲ, ಅವನ ಹಿಂದಿನ ಚಕ್ರವೇ ನನ್ನ ಮುಂದೆ ಬಂತು.

ಗಾಬರಿಯಲ್ಲಿ ಮುಂದಿನ ಬ್ರೇಕ್ ಅದುಮಿದೆ. ಬೈಕು ಆಗ ವಾಲಿಕೊಂಡಿತ್ತು. ವಾಲಿದ ಬೈಕಿನ ಮುಂದಿನ ಬ್ರೇಕನ್ನು ಜೋರಾಗಿ ಹಿಡಿದರೆ ಅದು ಎದ್ದು ನಿಲ್ಲಲು ನೋಡುತ್ತದೆ. ಎದ್ದು ನಿಂತ ಬೈಕು ತಿರುಗುವುದಿಲ್ಲ, ನೇರ ಹೋಗುತ್ತದೆ. ನಾನು ನಡುಗೆರೆ ದಾಟಿ ಎದುರಿನ ಗಾಡಿಗಳು ಬರುವ ಬದಿಗೆ ಹೋಗಿ ನಿಂತೆ. ಆ ಹೊತ್ತಿಗೆ ಯಾರೂ ಬರಲಿಲ್ಲ. ಅಷ್ಟೇ. ಮುಂದಿನ ಸ್ಟಾಪಿನಲ್ಲಿ ಅವನಿಗೆ ಹೇಳಿದಾಗ, ಹೀಗೆಲ್ಲ ಆಗಿದೆ ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ.

ಈಗ ಸ್ವಲ್ಪ ಲೆಕ್ಕ. ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಏನೋ ಕಂಡು, ಅದು ಏನೆಂದು ತಿಳಿದು, ಬೆರಳು ಲಿವರ್ ಹಿಡಿಯುವಷ್ಟರಲ್ಲಿ ಒಂದು ಸೆಕೆಂಡ್ ಹೋಗಿರುತ್ತದೆ. ಸುಸ್ತಾಗಿದ್ದರೆ ಇನ್ನೂ ಜಾಸ್ತಿ. ಅಲ್ಲಿಗೆ 17 ಮೀಟರ್ ಬ್ರೇಕೇ ಇಲ್ಲದೆ ಮುಗಿಯಿತು. ಆಮೇಲೆ ಒಣಗಿದ ಒಳ್ಳೆಯ ರಸ್ತೆಯಲ್ಲಿ, ಬೈಕು ನೆಟ್ಟಗಿದ್ದಾಗ, ಕೈ ಪಳಗಿದವರು ಜೋರಾಗಿ ಹಿಡಿದರೂ ನಿಲ್ಲಲು ಇನ್ನೊಂದು 20 ಮೀಟರ್ ಬೇಕು.

"ಮುಂದಿನವನಿಗೂ ನಿಲ್ಲೋಕೆ ಅಷ್ಟೇ ದೂರ ಬೇಕಲ್ವಾ, ಹಾಗಿದ್ರೆ ಒಂದು ಸೆಕೆಂಡ್ ಗ್ಯಾಪ್ ಸಾಕಲ್ಲ?" ಎಂದು ಕೇಳುತ್ತಾರೆ. ನೇರ ರಸ್ತೆಯಲ್ಲಿ ಆ ಮಾತಿಗೆ ಸ್ವಲ್ಪ ಅರ್ಥ ಇದೆ. ತಿರುವಿನಲ್ಲಿ ಇಲ್ಲ. ಅವನು ತಿರುವು ಮುಗಿಸಿ ಬೈಕನ್ನು ನೆಟ್ಟಗೆ ಮಾಡಿ ಬ್ರೇಕ್ ಹಿಡಿಯುವಾಗ ನಾನು ಇನ್ನೂ ಪೂರ್ತಿ ವಾಲಿಕೊಂಡಿರುತ್ತೇನೆ. ಟೈರಿನ ಹಿಡಿತ ಒಂದು ಮಿತಿಯಲ್ಲಿರುತ್ತದೆ. ತಿರುಗುವುದಕ್ಕೂ ಅದೇ, ನಿಲ್ಲುವುದಕ್ಕೂ ಅದೇ. ತಿರುಗಲು ಮುಕ್ಕಾಲು ಪಾಲು ಖರ್ಚು ಮಾಡಿದವನಿಗೆ ಬ್ರೇಕಿಗೆ ಉಳಿಯುವುದು ಕಡಿಮೆ. ಒಂದೇ ಗಳಿಗೆಯಲ್ಲಿ ಅವನಿಗೆ ಸಿಗುವ ಬ್ರೇಕ್ ನನಗೆ ಸಿಗುವುದಿಲ್ಲ. ಇನ್ನು ಅವನು ಬಿದ್ದರೆ? ಬಿದ್ದ ಬೈಕು, ಬಿದ್ದ ಮನುಷ್ಯ ಇಬ್ಬರೂ ನನ್ನ ದಾರಿಯಲ್ಲೇ ಇರುತ್ತಾರೆ. ನನ್ನ ಮನಸ್ಸಿಗೆ ಜಾಸ್ತಿ ತಟ್ಟುವುದು ಇದೇ. ಬಿದ್ದವನನ್ನು ಎತ್ತಬೇಕಾದ ಗೆಳೆಯ ನಾನು, ಅವನ ಮೇಲೆ ಗಾಡಿ ಹತ್ತಿಸುವವನಾಗಬಾರದು.

1981ರಲ್ಲಿ ಅಮೆರಿಕದಲ್ಲಿ ಸಂಶೋಧಕ ಹ್ಯಾರಿ ಹರ್ಟ್ ಮತ್ತು ಅವರ ತಂಡದ ವರದಿ ಬಂತು. ಲಾಸ್ ಏಂಜಲೀಸ್ ಸುತ್ತಮುತ್ತ 900 ಬೈಕ್ ಅಪಘಾತಗಳನ್ನು ನಡೆದ ಜಾಗಕ್ಕೇ ಹೋಗಿ ನೋಡಿ ಬರೆದದ್ದು. ಬೇರೆ ಗಾಡಿಯ ಸಂಬಂಧವೇ ಇಲ್ಲದೆ ಬೈಕು ಒಂದೇ ಅಪಘಾತಕ್ಕೆ ಸಿಕ್ಕ ಪ್ರಕರಣಗಳಲ್ಲಿ ಸುಮಾರು ಮೂರರಲ್ಲಿ ಎರಡಕ್ಕೆ ಸವಾರನ ತಪ್ಪೇ ಕಾರಣ ಎಂದು ಅವರು ಕಂಡುಕೊಂಡರು. ಯಾವ ತಪ್ಪು? ಜಾಸ್ತಿ ಬ್ರೇಕ್ ಹಿಡಿದು ಜಾರಿದ್ದು, ಇಲ್ಲವೇ ತಿರುವಿನಲ್ಲಿ ಹೊರಗೆ ಹೋದದ್ದು. ಇದನ್ನು ಓದಿದಾಗ ನನಗೆ ಆ ತುಕ್ಕು ಹಿಡಿದ ಬೋಲ್ಟೇ ನೆನಪಾಯಿತು. ಒಬ್ಬರ ಬೆನ್ನಿಗೆ ಅಂಟಿಕೊಂಡು ಹೋದರೆ ಈ ಎರಡು ತಪ್ಪಿಗೂ ನಾವೇ ಬಾಗಿಲು ತೆರೆದಿಟ್ಟ ಹಾಗೆ.

ಗ್ಯಾಪ್ ಇದ್ದರೆ ಸಿಗುವುದು ಬ್ರೇಕಿಗೆ ಜಾಗ ಮಾತ್ರ ಅಲ್ಲ, ಕಣ್ಣಿಗೂ ಜಾಗ. ತಿರುವಿಗೆ ಹೋಗುವಾಗ ರಸ್ತೆಯ ಎರಡೂ ಅಂಚು ದೂರದಲ್ಲಿ ಒಂದು ಕಡೆ ಸೇರಿದಂತೆ ಕಾಣುತ್ತದೆ. ನಾವು ಮುಂದೆ ಹೋದಂತೆ ಆ ಜಾಗವೂ ನಮ್ಮಿಂದ ದೂರ ಸರಿಯುತ್ತಿದ್ದರೆ ತಿರುವು ಬಿಚ್ಚಿಕೊಳ್ಳುತ್ತಿದೆ ಎಂದರ್ಥ. ಅದು ನಿಂತಲ್ಲೇ ನಿಂತು ನಮ್ಮ ಹತ್ತಿರವಾಗುತ್ತಿದ್ದರೆ ತಿರುವು ಬಿಗಿಯಾಗುತ್ತಿದೆ, ವೇಗ ಇಳಿಸಬೇಕು. ಮುಂದೆ ಒಬ್ಬನ ಬೆನ್ನು ಅಡ್ಡ ಇದ್ದರೆ ಆ ಜಾಗ ಕಾಣುವುದೇ ಇಲ್ಲ. ಕಣ್ಣು ಎಲ್ಲಿ ನೆಟ್ಟಿದೆಯೋ ಬೈಕು ಅಲ್ಲಿಗೇ ಹೋಗುತ್ತದೆ. ಅವನು ತಪ್ಪಿ ರಸ್ತೆಯಿಂದ ಹೊರಗೆ ಹೋದರೆ ನಾನೂ ಅವನ ಹಿಂದೆಯೇ ಹೋಗುತ್ತೇನೆ.

ಎಷ್ಟು ಬಿಡಬೇಕು ಎಂದು ಕೇಳುವವರಿಗೆ ಮೀಟರಿನಲ್ಲಿ ಹೇಳಬಾರದು, ಸೆಕೆಂಡಿನಲ್ಲಿ ಹೇಳಬೇಕು. ಮುಂದಿನವನು ಒಂದು ಕಂಬದ ನೆರಳು ದಾಟಿದಾಗ "ಸಾವಿರದ ಒಂದು, ಸಾವಿರದ ಎರಡು" ಎಂದು ಎಣಿಸಲು ಶುರು ಮಾಡಿ. ನೀವು ಅದೇ ನೆರಳು ತಲುಪುವಷ್ಟರಲ್ಲಿ ಎಷ್ಟು ಎಣಿಸಿದಿರೋ ಅಷ್ಟು ಸೆಕೆಂಡ್ ಗ್ಯಾಪ್. ಒಣ ರಸ್ತೆ, ನೇರ ದಾರಿಗೆ ಕನಿಷ್ಠ 2 ಸೆಕೆಂಡ್. ತಿರುವುಗಳಲ್ಲಿ ನಾನು 3-4 ಬಿಡುತ್ತೇನೆ. ಮಳೆ ಬಂದರೆ ಇನ್ನೂ ಜಾಸ್ತಿ. ಹೇರ್‌ಪಿನ್‌ಗಳಲ್ಲಿ ಎಣಿಸುವುದೂ ಇಲ್ಲ, ಒಂದು ತಿರುವಿಗೆ ಒಂದೇ ಗಾಡಿ. ಅವನು ಹೊರಗೆ ಹೋದ ಮೇಲೆ ನಾನು ಒಳಗೆ. ನೇರ ರಸ್ತೆಯಲ್ಲಿ ಒಬ್ಬರು ಎಡಕ್ಕೆ ಒಬ್ಬರು ಬಲಕ್ಕೆ ಎಂದು ಓರೆಯಾಗಿ ಹೋಗುವ ಪದ್ಧತಿಯನ್ನೂ ತಿರುವಿನಲ್ಲಿ ಬಿಡಬೇಕು. ಅಲ್ಲಿ ಪ್ರತಿಯೊಬ್ಬರಿಗೂ ತಮ್ಮ ಬದಿಯ ಪೂರ್ತಿ ಅಗಲ ಬೇಕು.

ಸೆಕೆಂಡಿನ ಲೆಕ್ಕ ಗೊತ್ತಿಲ್ಲದಿದ್ದರೆ ಮನಸ್ಸು ಮೋಸ ಮಾಡುತ್ತದೆ. 30ರ ವೇಗದಲ್ಲಿ 2 ಸೆಕೆಂಡ್ ಅಂದರೆ ಸುಮಾರು 17 ಮೀಟರ್. 70ರಲ್ಲಿ ಅದೇ 2 ಸೆಕೆಂಡಿಗೆ 39 ಮೀಟರ್. ಅಂದರೆ ಮುಂದಿನವನು ಹೇರ್‌ಪಿನ್ ಮುಗಿಸಿ ವೇಗ ಏರಿಸಿದ ಕೂಡಲೇ ಗ್ಯಾಪ್ ತಾನಾಗಿಯೇ ಹಿಗ್ಗುತ್ತದೆ. ಯಾರೂ ಯಾರನ್ನೂ ಬಿಟ್ಟು ಹೋಗಿಲ್ಲ. ಆದರೆ ಹಿಂದಿನವನಿಗೆ "ಅಯ್ಯೋ, ಹೋಗೇಬಿಟ್ಟರು" ಅನಿಸುತ್ತದೆ. ಬೈಕು ಇನ್ನೂ ವಾಲಿಕೊಂಡಿರುವಾಗಲೇ ಥ್ರಾಟಲ್ ತಿರುಗಿಸುತ್ತಾನೆ. ಮುಂದಿನ ತಿರುವಿನ ಬಾಯಿಯಲ್ಲಿ ಮತ್ತೆ ಮುಂದಿನವನ ಮೇಲೇ ಬಂದು ಬೀಳುತ್ತಾನೆ. ಐದು ಬೈಕಿನ ಸಾಲಿನಲ್ಲಿ ಇದು ಹಿಂದೆ ಹಿಂದೆ ಹೋದಷ್ಟೂ ಬೆಳೆಯುತ್ತದೆ. ಕೊನೆಯವನು ಮೊದಲನೆಯವನಿಗಿಂತ ಜೋರಾಗಿ ಓಡಿಸಬೇಕಾಗುತ್ತದೆ. ಎಷ್ಟೋ ಗುಂಪುಗಳಲ್ಲಿ ಆ ಕೊನೆಯವನೇ ಹೊಸಬ.

"ನನ್ನ ಗಾಡಿಗೆ ಎಬಿಎಸ್ ಇದೆ" ಅನ್ನುವವರಿಗೆ ಒಂದೇ ಮಾತು. ಎಬಿಎಸ್ ಅಂದರೆ ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ. ಸಾಮಾನ್ಯ ಎಬಿಎಸ್‌ಗೆ ಬೈಕು ಎಷ್ಟು ವಾಲಿದೆ ಎಂಬುದು ಗೊತ್ತಾಗುವುದಿಲ್ಲ. ಅದನ್ನು ಅಳೆಯುವ ಎಬಿಎಸ್ 2014ರ ಮಾದರಿಯ ಕೆಟಿಎಂ 1190 ಅಡ್ವೆಂಚರ್‌ನಿಂದೀಚೆಗೆ ಬಂದಿದೆ, ಒಳ್ಳೆಯದೇ. ಆದರೆ ಇಲ್ಲದ ಜಾಗವನ್ನು ಯಾವ ಎಬಿಎಸ್ ತಂದುಕೊಡುತ್ತದೆ? ರೇಸ್ ಟ್ರ್ಯಾಕಿನಲ್ಲಿ ಚಕ್ರಕ್ಕೆ ಚಕ್ರ ತಾಗುವಂತೆ ಓಡಿಸುತ್ತಾರಲ್ಲ ಅನ್ನುವವರೂ ಇದ್ದಾರೆ. ಅಲ್ಲಿ ಎದುರಿನಿಂದ ಲಾರಿ ಬರುವುದಿಲ್ಲ, ಬಿದ್ದರೆ ಜಾರಿ ಹೋಗಲು ಜಾಗ ಇರುತ್ತದೆ, ರಸ್ತೆಯಲ್ಲಿ ಎಣ್ಣೆ ಇದ್ದರೆ ಬಾವುಟ ತೋರಿಸುತ್ತಾರೆ.

ನಿಜ ಹೇಳಬೇಕೆಂದರೆ, ಹತ್ತಿರ ಹತ್ತಿರ ಓಡಿಸುವವರಲ್ಲಿ ನಾನು ಕಂಡದ್ದು ನಂಬಿಕೆಗಿಂತ ಭಯ. ಬಿಟ್ಟು ಹೋಗುತ್ತಾರೆ, ದಾರಿ ತಪ್ಪುತ್ತೇನೆ, ನಿಧಾನ ಅನ್ನುತ್ತಾರೆ ಎಂಬ ಭಯ. ನನಗೂ ಆ ದಿನ ಇದ್ದದ್ದು ಅದೇ. ಹಾಗಾಗಿ ಮಣ್ಣಿನ ಕಥೆ ಹೇಳಿದ ದಿನವೇ ನಾವಿಬ್ಬರೂ ಒಂದು ಮಾತು ಮಾಡಿಕೊಂಡೆವು. ದಾರಿ ಕವಲೊಡೆಯುವ ಕಡೆ ಮುಂದೆ ಇರುವವನು ನಿಲ್ಲಬೇಕು. ಹಿಂದಿನವನು ಕಾಣುವವರೆಗೆ ಹೊರಡಬಾರದು. ಎಷ್ಟು ಹೊತ್ತಾದರೂ ಸರಿ. ಐದು ಜನ ಇದ್ದರೂ ಅಷ್ಟೇ. ಪ್ರತಿಯೊಬ್ಬನೂ ತನ್ನ ಹಿಂದಿನ ಒಬ್ಬನಿಗಾಗಿ ನಿಲ್ಲುತ್ತಾನೆ.

ನಾನು ಅವನ ಮೇಲೆ ಇಟ್ಟ ನಂಬಿಕೆ ಇದು. ಅವನು ಯಾವಾಗ ಬ್ರೇಕ್ ಹಿಡಿಯುತ್ತಾನೆ ಎಂದು ಈಗ ನಾನು ನೋಡುವುದೇ ಇಲ್ಲ. ಮೂರು ತಿರುವು ಅವನು ಕಾಣದೇ ಹೋದರೂ ನನ್ನ ಕೈ ಬಿಗಿಯಾಗುವುದಿಲ್ಲ. ನನ್ನ ವೇಗದಲ್ಲಿ, ನನ್ನ ರಸ್ತೆ ನೋಡಿಕೊಂಡು ಬರುತ್ತೇನೆ. ಕವಲಿನ ಹತ್ತಿರ ಇಂಡಿಕೇಟರ್ ಹಾಕಿ, ಒಂದು ಕಾಲು ನೆಲಕ್ಕೂರಿ, ಕನ್ನಡಿ ನೋಡುತ್ತಾ ನಿಂತಿರುತ್ತಾನೆ. ನನ್ನ ಹೆಡ್‌ಲೈಟು ಕಂಡ ಮೇಲೆ ಒಮ್ಮೆ ಕೈ ಎತ್ತಿ ಹೊರಡುತ್ತಾನೆ.