ಹತ್ತು ಎಂದು ಬರೆದರೆ ನಾಲ್ಕೇ ಏಕೆ ಬರುತ್ತದೆ?

ನೆಟ್‌ವರ್ಕ್‌ನ ಕಂಪ್ಯೂಟರ್‌ಗಳನ್ನು ಜೋಡಿಸುವ ಸ್ವಿಚ್‌ನ ಪೋರ್ಟ್‌ಗೆ ಸೆಕೆಂಡಿಗೆ ಹತ್ತು ಮೆಗಾಬಿಟ್ ಮಿತಿ ಹಾಕಿದ್ದೇನೆ, ಅಳೆದರೆ ನಾಲ್ಕು ದಾಟುವುದಿಲ್ಲ, ಸ್ವಿಚ್ ಕೆಟ್ಟಿದೆಯೇ? ನೆಟ್‌ವರ್ಕ್ ನೋಡಿಕೊಳ್ಳುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಸಾಮಾನ್ಯವಾಗಿ ಸ್ವಿಚ್ ಸರಿಯಾಗಿಯೇ ಇರುತ್ತದೆ. ಮಿತಿಯ ಪಕ್ಕದಲ್ಲಿ ಬರ್ಸ್ಟ್ ಎಂಬ ಇನ್ನೊಂದು ಸಂಖ್ಯೆ ಇದೆಯಲ್ಲ, ಅದನ್ನು ಎಲ್ಲಿಂದಲೋ ನಕಲು ಮಾಡಿ ಹಾಕಿರುತ್ತಾರೆ.

ಹತ್ತು ಎಂದು ಬರೆದ ಮಾತ್ರಕ್ಕೆ ತಂತಿ ನಿಧಾನವಾಗುವುದಿಲ್ಲ. ಗಿಗಾಬಿಟ್ ಪೋರ್ಟ್‌ನಲ್ಲಿ ಪ್ರತಿ ಪ್ಯಾಕೆಟ್ಟೂ, ಅಂದರೆ ಡೇಟಾದ ಪ್ರತಿ ತುಣುಕೂ, ಗಿಗಾಬಿಟ್ ವೇಗದಲ್ಲೇ ಬರುತ್ತದೆ. ಇಂಥ ಮಿತಿ ಹಾಕುವುದಕ್ಕೆ ಪೊಲೀಸಿಂಗ್ ಎನ್ನುತ್ತಾರೆ, ಅದು ಬರೀ ಲೆಕ್ಕ ಇಡುವ ಕೆಲಸ. ಸ್ವಿಚ್‌ನ ಬಳಿ ಟೋಕನ್‌ಗಳ, ಅಂದರೆ ಇಷ್ಟು ಬೈಟ್ ಬಿಡಬಹುದು ಎಂಬ ಅನುಮತಿಯ, ಬಕೆಟ್ ಒಂದಿರುತ್ತದೆ. ಹತ್ತು ಮೆಗಾಬಿಟ್ ಮಿತಿಗೆ ಅದು ಸೆಕೆಂಡಿಗೆ 12,50,000 ಬೈಟ್‌ನಂತೆ ತುಂಬುತ್ತದೆ. ಬಂದ ಪ್ಯಾಕೆಟ್‌ಗೆ ಸಾಕಾಗುವಷ್ಟು ಟೋಕನ್ ಇದ್ದರೆ ದಾರಿ ಬಿಡುತ್ತದೆ, ಇಲ್ಲದಿದ್ದರೆ ಪ್ಯಾಕೆಟ್ ಅಲ್ಲೇ ಬೀಳುತ್ತದೆ. ಬಕೆಟ್‌ನ ಗಾತ್ರವೇ ಬರ್ಸ್ಟ್.

ಈಗ ಬರ್ಸ್ಟ್ 8,000 ಬೈಟ್ ಎಂದಿಟ್ಟುಕೊಳ್ಳಿ. 1,500 ಬೈಟ್‌ನ ಐದು ಪ್ಯಾಕೆಟ್‌ಗಳಿಗೆ ಅದು ಸಾಕು. ಗಿಗಾಬಿಟ್ ತಂತಿಯಲ್ಲಿ ಒಂದೊಂದು ಪ್ಯಾಕೆಟ್ ಬಂದು ಮುಗಿಯಲು ಸುಮಾರು 12 ಮೈಕ್ರೋಸೆಕೆಂಡ್. ಆರನೆಯದು ಬೆನ್ನಿಗೇ ಬಂದಾಗ ಬಕೆಟ್ ತಳ ಕಂಡಿರುತ್ತದೆ, ಇನ್ನೊಂದು ಪ್ಯಾಕೆಟ್‌ಗೆ ಬೇಕಾದಷ್ಟು ಟೋಕನ್ ಸೇರಲು ಸುಮಾರು ಒಂದು ಮಿಲಿಸೆಕೆಂಡ್ ಬೇಕು. ಆರನೆಯದು ಬಿತ್ತು, ಅದರ ಬೆನ್ನಿಗೆ ಬಂದವೂ ಬಿದ್ದವು. ಪ್ಯಾಕೆಟ್ ಕಳೆದದ್ದು ಕಂಡ ಟಿಸಿಪಿ (ಡೇಟಾ ಕಳಿಸುವ ವೇಗವನ್ನು ತಾನೇ ಹೊಂದಿಸಿಕೊಳ್ಳುವ ವಿಧಾನ) ದಾರಿ ಕಿಕ್ಕಿರಿದಿದೆ ಎಂದು ಬಗೆದು ಹಿಂದೆ ಸರಿಯುತ್ತದೆ. ಅದು ಸುಮ್ಮನಿರುವ ಆ ಹೊತ್ತಿನಲ್ಲಿ ಪುಟ್ಟ ಬಕೆಟ್ ತುಂಬಿ ತುಳುಕುತ್ತದೆ. ತುಳುಕಿದ ಟೋಕನ್ ಯಾರ ಲೆಕ್ಕಕ್ಕೂ ಬರುವುದಿಲ್ಲ. ನಿಮ್ಮ ಆರು ಮೆಗಾಬಿಟ್ ಕಾಣೆಯಾಗುವುದು ಅಲ್ಲಿಯೇ.

ಅನುಮಾನವಿದ್ದರೆ ವೇಗ ಅಳೆಯುವ ಐಪರ್ಫ್ ತಂತ್ರಾಂಶದಲ್ಲಿ ಒಂಬತ್ತು ಮೆಗಾಬಿಟ್ ಯುಡಿಪಿ (ಟಿಸಿಪಿಯಂತೆ ಹಿಂದೆ ಸರಿಯದ ವಿಧಾನ) ಕಳಿಸಿ ನೋಡಿ. ಒಂದೇ ಹದದಲ್ಲಿ ಬಿಡಿಬಿಡಿಯಾಗಿ ಬರುವುದರಿಂದ ಬಹುಪಾಲು ದಾಟುತ್ತದೆ. ಅದು ದಾಟಿ ಟಿಸಿಪಿ ಮಾತ್ರ ಕುಂಟಿದರೆ ತಪ್ಪು ಬರ್ಸ್ಟ್‌ನದೇ. ಬರ್ಸ್ಟ್ ಎಷ್ಟಿರಬೇಕು ಎಂಬುದಕ್ಕೆ ಮಿತಿಯನ್ನು ಪ್ಯಾಕೆಟ್ ಹೋಗಿಬರುವ ಸಮಯದಿಂದ ಗುಣಿಸಿ ಶುರು ಮಾಡಿ: 100 ಮಿಲಿಸೆಕೆಂಡ್‌ಗೆ 1,25,000 ಬೈಟ್. ಮಿತಿ ಬಿಟ್‌ನಲ್ಲಿ, ಬರ್ಸ್ಟ್ ಬೈಟ್‌ನಲ್ಲಿ ಕೇಳುವ ಸ್ವಿಚ್‌ಗಳು ಬಹಳ. ಎಂಟರಿಂದ ಭಾಗಿಸಲು ಮರೆತು ನಾನೂ ಒಂದು ಮಧ್ಯಾಹ್ನ ಕಳೆದಿದ್ದೇನೆ.

ದಿಕ್ಕನ್ನೂ ನೋಡಿಕೊಳ್ಳಿ. ಬಳಕೆದಾರರ ಡೌನ್‌ಲೋಡ್ ಅವರ ಪೋರ್ಟ್‌ನಿಂದ ಹೊರಹೋಗುವ ಸಂಚಾರ. ಒಳಬರುವ ದಿಕ್ಕಿಗೆ ಮಿತಿ ಹಾಕಿದರೆ ಅಪ್‌ಲೋಡ್ ಮಾತ್ರ ತಗ್ಗುತ್ತದೆ.

ಪ್ಯಾಕೆಟ್ ಬೀಳಿಸದೆ ಸಾಲಿನಲ್ಲಿ ನಿಲ್ಲಿಸುವ ಶೇಪಿಂಗ್ ಹೊರಹೋಗುವ ದಿಕ್ಕಿನಲ್ಲಿ ಇದ್ದರೆ ನಾನು ಅದನ್ನೇ ಆರಿಸುತ್ತೇನೆ. ಆದರೆ ಅನೇಕ ಸ್ವಿಚ್‌ಗಳ ಬಫರ್ ಚಿಕ್ಕದು, ಉದ್ದದ ಸಾಲಿಗೆ ಅಲ್ಲಿ ಜಾಗವಿಲ್ಲ.

ಬರ್ಸ್ಟ್ ಸರಿಮಾಡಿದ ಮೇಲೂ ಬಿದ್ದ ಪ್ಯಾಕೆಟ್ ಎಣಿಸುವ ಡ್ರಾಪ್ ಕೌಂಟರ್ ಏರುತ್ತಲೇ ಇದೆ ಎಂದು ಕೆಲವರು ಮತ್ತೆ ಬರೆಯುತ್ತಾರೆ. ಏರಲಿ ಬಿಡಿ. ಪೊಲೀಸಿಂಗ್ ಇರುವ ದಾರಿಯಲ್ಲಿ ಟಿಸಿಪಿಗೆ ಮಿತಿ ಎಲ್ಲಿದೆ ಎಂದು ಗೊತ್ತಾಗುವುದೇ ಆಗೊಂದು ಈಗೊಂದು ಪ್ಯಾಕೆಟ್ ಕಳೆದುಕೊಂಡಾಗ.