ರಸ್ತೆನೇ ಓಡಿಹೋಯ್ತು

ಬೆಳಗ್ಗೆ ದೋಸೆ ಹುಯ್ಯುತ್ತಿದ್ದೆ. ಅಕ್ಕನ ಮಗ ಬಂದ.

"ಮಾಮಾ, ಕೋಳಿ ಯಾಕೆ ರಸ್ತೆ ದಾಟ್ತು?"

"ಆ ಕಡೆ ಹೋಗೋಕೆ."

"ಅಲ್ಲ! ಕೋಳಿ ದಾಟಲೇ ಇಲ್ಲ. ಹಾಲಿವುಡ್ ಫೈಟಿಂಗ್ ಹೀರೋ ಚಕ್ ನಾರಿಸ್ ಬಂದ ಅಂತ ರಸ್ತೆನೇ ಎದ್ದು ಓಡಿಹೋಯ್ತು."

1847ರಲ್ಲೇ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಅಚ್ಚಾಗಿದ್ದ ಕೋಳಿ ಇದು. ಆಗ ಉತ್ತರ ಸಪ್ಪೆ. ಆ ಸಪ್ಪೆಯೇ ಜೋಕು. 2005ರಲ್ಲಿ, ಅವನ ಕೈಲಿ ಆಗದ್ದೇ ಇಲ್ಲ ಅನ್ನೋ ಚಕ್ ನಾರಿಸ್ ಜೋಕುಗಳು ಶುರುವಾಗಿದ್ದೇ ತಡ, ಹಳೇ ಒಗಟಿಗೆಲ್ಲ ಒಬ್ಬ ಪೈಲ್ವಾನ ನುಗ್ಗಿಬಿಟ್ಟ. ನಮ್ಮಲ್ಲಿ ಆ ಜಾಗಕ್ಕೆ ಎಸ್ಸೆಮ್ಮೆಸ್ಸಿನಲ್ಲಿ ಬಂದವರು ರಜನಿ. ಬೆಂಗಳೂರಿನ ಬಸ್ಸಲ್ಲಿ ಟಿಕೆಟ್ ಹರಿದು ಕೊಡುತ್ತಿದ್ದವರು! (ಚಿಲ್ಲರೆ ಸರಿಯಾಗಿ ಕೊಟ್ಟಿರ್ತಾರೆ ಬಿಡಿ.)

ಅಷ್ಟರಲ್ಲಿ ದೋಸೆ ಸೀದು ಕರಕಲು.

"ಚಕ್ ನಾರಿಸ್ ಆಗಿದ್ರೆ ಏನಾಗ್ತಿತ್ತೋ?" ಅಂದೆ.

"ಕಾವಲಿನೇ ಸಾರಿ ಕೇಳ್ತಿತ್ತು."