ಸಸಿಹಿತ್ಲುವಿನ ಅಲೆ ಮೇಲೆ ನಮ್ಮ ಚಿನ್ನು

ನನ್ನ ಮಗ ಚಿನ್ನುಗೆ ಒಂಬತ್ತು ವರ್ಷ. ಆಟಿಸಂ ಇದೆ. ಮಾತು ಕಡಿಮೆ, ನೀರಿನ ಹುಚ್ಚು ಜಾಸ್ತಿ. ಕಲಬುರಗಿಯ ಬೇಸಿಗೆಯಲ್ಲಿ ನಮ್ಮ ಓಣಿಗೆ ನಳ ಬಂದ ಸದ್ದು ಕೇಳಿದರೆ ಸಾಕು, ಓಡಿ ಬಂದು ಬಕೆಟ್ಟಿನಲ್ಲಿ ಮೊಣಕೈವರೆಗೆ ಕೈ ಇಳಿಸಿ ಕೂರುತ್ತಾನೆ. ಎಷ್ಟೇ ಚೀರುತ್ತಿದ್ದರೂ ಆಗ ಸುಮ್ಮನಾಗುತ್ತಾನೆ.

ನನಗೆ ಭಯ ಇದ್ದದ್ದೂ ಇದೇ ಹುಚ್ಚಿನದು. ಇಂಥ ಎಷ್ಟೋ ಮಕ್ಕಳು ಹೇಳದೆ ಕೇಳದೆ ಮನೆಯಿಂದ ಹೊರಟುಬಿಡುತ್ತಾರೆ, ನೀರು ಕಂಡರೆ ಇಳಿದೇಬಿಡುತ್ತಾರೆ. ಗಾಣಗಾಪುರದ ಸಂಗಮದಲ್ಲಿ ಒಮ್ಮೆ ನನ್ನ ಕೈ ಕೊಸರಿಕೊಂಡು ಓಡಿದ್ದ. ಯಾರೋ ಹಿರಿಯರು ಅಂಗಿ ಹಿಡಿದು ಎಳೆದರು. ಈಜಾದರೂ ಕಲಿಯಲಿ ಅಂತ ಒಂದು ಈಜುಕೊಳಕ್ಕೆ ಸೇರಿಸಿದೆ. ಎರಡನೇ ದಿನವೇ "ಬ್ಯಾರೆ ಮಕ್ಕಳು ಅಂಜತಾವ್ರಿ, ಕರ್ಕೊಂಡು ಬರಬ್ಯಾಡ್ರಿ" ಅಂದರು. ಆಟೋದಲ್ಲಿ ಅಳುತ್ತಲೇ ಮನೆಗೆ ಬಂದೆ.

ಕ್ಯಾಲಿಫೋರ್ನಿಯಾದ ಸರ್ಫಿಂಗ್ ಪಟು ಇಸ್ರೇಲ್ ಪಾಸ್ಕೋವಿಟ್ಜ್ ಬಗ್ಗೆ ಓದಿದ್ದು ಆಮೇಲೆ. ಸರ್ಫಿಂಗ್ ಅಂದರೆ ಉದ್ದನೆಯ ಹಲಗೆ ಮೇಲೆ ಸಮುದ್ರದ ಅಲೆ ಸವಾರಿ ಮಾಡುವ ಆಟ. ಅವರ ಮಗನಿಗೂ ಆಟಿಸಂ. ಹಲಗೆ ಮೇಲೆ ತಮ್ಮ ಮುಂದೆ ಕೂರಿಸಿಕೊಂಡು ಸಮುದ್ರಕ್ಕೆ ಕರೆದೊಯ್ದರೆ ಆ ಹುಡುಗ ಶಾಂತನಾಗುತ್ತಿದ್ದ. 1996ರಲ್ಲಿ ಗಂಡ ಹೆಂಡತಿ ಸೇರಿ ಸರ್ಫರ್ಸ್ ಹೀಲಿಂಗ್ ಅನ್ನೋ ಸಂಸ್ಥೆ ಶುರು ಮಾಡಿದರು. ಅಂಥ ಮಕ್ಕಳಿಗೆ ಒಂದು ದಿನದ ಶಿಬಿರ, ದುಡ್ಡು ತಗೊಳ್ಳಲ್ಲ. ಇದರಿಂದ ಆಟಿಸಂ ಹೋಗುತ್ತದೆ ಅಂತ ಯಾರೂ ತಿಳಿಯಬೇಡಿ. ನನಗೆ ಅರ್ಥವಾದದ್ದು ಇಷ್ಟು: ನೀರು ಮೈಯನ್ನು ಎಲ್ಲ ಕಡೆಯಿಂದ ಒಂದೇ ಸಮ ಒತ್ತುತ್ತದೆ. ಚಿನ್ನು ಬೇಸಿಗೆಯಲ್ಲೂ ದಪ್ಪ ಕೌದಿ ಹೊದ್ದುಕೊಂಡೇ ಮಲಗುವುದು ಯಾಕೆ ಅಂತ ಆಗ ಹೊಳೆಯಿತು.

ನಮ್ಮ ರಾಜ್ಯದಲ್ಲೇ ಮೂಲ್ಕಿ ಇದೆಯಲ್ಲ, ಸರ್ಫಿಂಗ್‌ಗೆ ಹೆಸರಾದ ಊರು. ಅಲ್ಲಿ ಕಲಿಸುವವರೊಬ್ಬರಿಗೆ ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದೇ, "ಅವನಿಗೆ ಯಾವುದು ಆಗುವುದಿಲ್ಲ? ಶಬ್ದವಾ, ಮುಟ್ಟುವುದಾ?" ಹೀಗೆ ಅಲ್ಲಿವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಮಳೆಗಾಲದ ಸಮುದ್ರ ಬೇಡ, ಡಿಸೆಂಬರ್‌ಗೆ ಬನ್ನಿ ಅಂದರು.

ಚಿನ್ನುಗೆ ಮೈಗೆ ಬಿಗಿಯಾದ ಬಟ್ಟೆ ಆಗಲ್ಲ. ಅದಕ್ಕೆ ಲೈಫ್ ಜಾಕೆಟ್ ತಿಂಗಳು ಮೊದಲೇ ತರಿಸಿದೆ. ಮೊದಲ ದಿನ ಮುಟ್ಟಿದ, ಅಷ್ಟೇ. ಆಮೇಲೆ ರೊಟ್ಟಿ ತಿನ್ನುವಾಗ ಐದು ನಿಮಿಷ, ಹತ್ತು ನಿಮಿಷ. ಕೊನೆಗೆ ಅದನ್ನು ಹಾಕಿಕೊಂಡೇ ಓಣಿಯಲ್ಲಿ ತಿರುಗಿದ. ಹಲಗೆಯ ಫೋಟೋ, ಸಮುದ್ರದ ವಿಡಿಯೋ ದಿನಾ ತೋರಿಸಿದೆ. ಹೊಸದು ಧುತ್ತಂತ ಎದುರಾದರೆ ಅವನಿಗೆ ತಡೆಯಲಾಗಲ್ಲ.

ಒಂದು ರಾತ್ರಿ ಪೂರ್ತಿ ಬಸ್ಸು, ಮತ್ತೆ ಇನ್ನೊಂದು ಬಸ್ಸು. ಮರುದಿನ ಬೆಳಗ್ಗೆ ಏಳಕ್ಕೆ ಮೂಲ್ಕಿ ಪಕ್ಕದ ಸಸಿಹಿತ್ಲು, ನಂದಿನಿ ಮತ್ತು ಶಾಂಭವಿ ನದಿಗಳು ಕಡಲು ಸೇರುವ ಜಾಗ. ಗಾಳಿ ಏಳುವ ಮೊದಲು ಜನವೂ ಇರಲ್ಲ, ಅಲೆಯೂ ಸಣ್ಣದು. ಚಿನ್ನು ಅರ್ಧ ಗಂಟೆ ಹಲಗೆ ಮೇಲಿನ ಮೇಣ ಕೆರೆಯುತ್ತ, ಮೂಸುತ್ತ ಕೂತ. ಯಾರೂ ಅವಸರ ಮಾಡಲಿಲ್ಲ. ನೀರಿಗೆ ಇಳಿಸಿದಾಗ ಮಾತ್ರ ಜೋರಾಗಿ ಚೀರಿದ. ನಾನು ಎದ್ದು ನಿಂತೆ. ನಮ್ಮವರು ಕೈ ಹಿಡಿದು ಕೂರಿಸಿದರು.

ಅಲೆ ಒಡೆಯುವ ಜಾಗ ದಾಟಿದ ಮೇಲೆ ಚೀರಾಟ ನಿಂತಿತು. ಚಿನ್ನು ಹಲಗೆ ಮೇಲೆ ಬೋರಲು ಮಲಗಿದ್ದ, ಗುರುಗಳು ಹಿಂದೆ, ಇನ್ನಿಬ್ಬರು ಪಕ್ಕದಲ್ಲಿ. ಒಂದು ಅಲೆ ಎತ್ತಿಕೊಂಡು ಬಂತು. ದಡಕ್ಕೆ ಬಂದವನೇ ಹಲಗೆ ಬಿಡಲಿಲ್ಲ, ಸಮುದ್ರದ ಕಡೆ ಕೈ ತೋರಿಸಿ "ನೀರು" ಅಂದ. ಆರು ಸಲ ಹೋಗಿ ಬಂದ. ಆರನೆಯದಕ್ಕೆ ಮಂಡಿಯೂರಿ ಕೂತಿದ್ದ. ಅಷ್ಟು ಹೊತ್ತೂ ನಾವಿಬ್ಬರೂ ಮರಳಲ್ಲಿ ಕೂತು ಚಹಾ ಕುಡಿದೆವು. ಹೊರಗೆ ಹೋದಾಗ ಒಬ್ಬರು ಅವನನ್ನು ಹಿಡಿದು ನಿಲ್ಲಲೇಬೇಕು. ಇಬ್ಬರೂ ಒಟ್ಟಿಗೆ ಕೂತದ್ದು ಯಾವ ಕಾಲದಲ್ಲೋ.

"ನೀರಿಗಿ ಯಾಕ ಒಯ್ತೀ ಕೂಸಿಗಿ?" ಅಂತ ಹೊರಡುವ ದಿನ ನಮ್ಮ ಅತ್ತೆ ಮುನಿಸಿಕೊಂಡಿದ್ದರು. ವಿಡಿಯೋ ತೋರಿಸಿದೆ. ಮೂರು ಸಲ ನೋಡಿದರು. ಈ ಡಿಸೆಂಬರ್‌ಗೆ ಮತ್ತೆ ಹೊರಟಿದ್ದೇವೆ, ಅವರೂ ಬರುತ್ತಾರಂತೆ. "ಎಪ್ಪತ್ತಾದ್ವು, ಸಮುದ್ರ ನೋಡಿಲ್ಲ ನಾ" ಅಂದರು.